ಅವಳ ಹಬ್ಬಕ್ಕೆ ನಮಗೆ ರಜೆ

ನನ್ನ ಹಳೆಯ ಕಾಗದಪತ್ರಗಳ ನಡುವೆ ಒಂದು ಫಾರಂ ಇದೆ. 2011ರಲ್ಲಿ ಇಲ್ಲಿ ಸಿಂಗಪುರದ ಒಂದು ಏಜೆನ್ಸಿಯವರು ಕೊಟ್ಟದ್ದು. ನಮ್ಮ ಮನೆಗೆಲಸಕ್ಕೆ ಬರಲಿದ್ದ ಹೆಣ್ಣುಮಗಳ ವಿವರ ಅದರಲ್ಲಿದೆ: ಹೆಸರು, ಎತ್ತರ, ತೂಕ, ಊರು, ಒಡಹುಟ್ಟಿದವರು ಎಷ್ಟು ಮಂದಿ, ಮಕ್ಕಳೆಷ್ಟು, ಧರ್ಮ ಯಾವುದು. ಅಡಿಗೆಮನೆಯಲ್ಲಿ ಏನನ್ನು ಮುಟ್ಟುವುದಿಲ್ಲ ಎಂದು ಗುರುತು ಹಾಕಲು ಚೌಕಗಳಿವೆ. ಒಂದು ಹಂದಿಮಾಂಸಕ್ಕೆ, ಒಂದು ದನದ ಮಾಂಸಕ್ಕೆ. ಅವಳು ಮೊದಲನೆಯದಕ್ಕೆ ಗುರುತು ಹಾಕಿದ್ದಳು. ಮಧ್ಯ ಜಾವಾದ ಹಳ್ಳಿಯವಳು, ಮುಸ್ಲಿಂ.

“ನೀವು ಸಸ್ಯಾಹಾರಿಗಳು. ಹಂದಿಯೂ ಇಲ್ಲ, ದನವೂ ಇಲ್ಲ. ಇಂಥ ಮನೆ ಸಿಕ್ಕುವುದೇ ಅವಳ ಅದೃಷ್ಟ” ಎಂದರು ಏಜೆನ್ಸಿಯವರು. ನಾವೂ ಹಾಗೆಯೇ ಅಂದುಕೊಂಡೆವು. ಧರ್ಮದ ಪ್ರಶ್ನೆ ಆ ಚೌಕದಲ್ಲೇ ಮುಗಿಯಿತು ಎಂದು ನಂಬಿ ಸಹಿ ಹಾಕಿದೆವು.

ಅದು ಹಾಗೆ ಮುಗಿಯುವಂಥದ್ದಲ್ಲ ಎಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ಆ ಚೌಕಕ್ಕೆ ನೂರಾರು ವರ್ಷದ ಹಿನ್ನೆಲೆ ಇದೆ ಎಂದು ತಿಳಿಯಲು ಇನ್ನೂ ಕೆಲವು ವರ್ಷಗಳೇ ಬೇಕಾದವು.

ಬೇರೆ ಧರ್ಮದವರನ್ನು ಮನೆಯೊಳಗೆ ಇಟ್ಟುಕೊಂಡು ಕೆಲಸ ಮಾಡಿಸುವ ಪ್ರಶ್ನೆಯನ್ನು ಬ್ರಿಟಿಷರು ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಎದುರಿಸಿದರು. ಅವರು ಕಂಡುಕೊಂಡ ಉಪಾಯ ಸರಳ: ಧರ್ಮ ಮತ್ತು ಜಾತಿಯ ಪ್ರಕಾರ ಕೆಲಸ ಹಂಚುವುದು. ಹಂದಿಮಾಂಸವನ್ನು ಮುಸ್ಲಿಂ ಮುಟ್ಟುವುದಿಲ್ಲ, ದನದ ಮಾಂಸವನ್ನು ಮೇಲ್ಜಾತಿಯ ಹಿಂದೂ ಮುಟ್ಟುವುದಿಲ್ಲ, ಕಕ್ಕಸು ಬಳಿಯುವವನು ಊಟದ ಮೇಜಿನ ಹತ್ತಿರ ಬರುವಂತಿಲ್ಲ. ಉತ್ತರ ಭಾರತದಲ್ಲಿ ಖಾನ್ಸಾಮನೊಬ್ಬ, ನೀರು ತರುವ ಭಿಸ್ತಿಯೊಬ್ಬ, ಗುಡಿಸುವ ಮೆಹ್ತರನೊಬ್ಬ ಹೀಗೆ ಆಳುಗಳ ಪಟ್ಟಿ ಬೆಳೆಯಿತು. ದಕ್ಷಿಣದಲ್ಲಿ, ನಮ್ಮ ಬೆಂಗಳೂರು ದಂಡಿನಂಥ ಕಡೆ, ಕ್ರೈಸ್ತ ಬಟ್ಲರುಗಳು ಹೆಚ್ಚಾಗಿ ಸಿಗುತ್ತಿದ್ದರು. ಅವರಿಗೆ ಎರಡು ಮಾಂಸದ ಅಡ್ಡಿಯೂ ಇರಲಿಲ್ಲ. ನಾವು ಇಂದಿಗೂ ನಗೆಯಾಡಿಕೊಂಡು ಹೇಳುವ ‘ಬಟ್ಲರ್ ಇಂಗ್ಲಿಷ್’ ಅವರು ಬಿಟ್ಟುಹೋದ ಮಾತು. 1888ರಲ್ಲಿ ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಎಂಬ ಇಬ್ಬರು ಹೆಂಗಸರು ಭಾರತದಲ್ಲಿ ಮನೆ ನಡೆಸುವ ಬಗೆಯನ್ನು ಕುರಿತು ಒಂದು ಕೈಪಿಡಿಯನ್ನೇ ಬರೆದರು. ಯಾವ ಆಳಿನ ಕೆಲಸ ಯಾವುದು ಎಂಬ ಲೆಕ್ಕ ಅದರಲ್ಲಿ ಅಚ್ಚುಕಟ್ಟಾಗಿದೆ.

ಸಿಂಗಪುರದ ಬಂಗಲೆಗಳಲ್ಲೂ ಇದೇ ಕ್ರಮ. ಕುದುರೆಗಾಡಿ, ಆಮೇಲೆ ಮೋಟಾರು, ತೋಟ ಇವು ಹೆಚ್ಚಾಗಿ ಮಲಯರ ಕೈಯಲ್ಲಿ. ಅಡಿಗೆ ಚೀನಾದ ಹೈನಾನ್ ದ್ವೀಪದಿಂದ ಬಂದ ಗಂಡಸರ ಕೈಯಲ್ಲಿ. ಹಂದಿಯಾದರೂ ದನವಾದರೂ ಬೇಯಿಸಬಲ್ಲವನು ಬಿಳಿಯರ ಅಡಿಗೆಮನೆಗೆ ಅನುಕೂಲ. ಇಲ್ಲಿನ ಹಳೆಯ ಹೋಟೆಲುಗಳಲ್ಲಿ ಈಗಲೂ ಸಿಗುವ ಹೈನಾನ್ ಪೋರ್ಕ್ ಚಾಪ್ ಆ ಅಡಿಗೆಮನೆಗಳ ಕೂಸು. ಈ ಪದ್ಧತಿಯಲ್ಲಿ ಆಳಿನ ಧರ್ಮಕ್ಕೆ ಜಾಗವಿತ್ತು ನಿಜ. ಆದರೆ ಅದು ಯಜಮಾನನಿಗೆ ಬೇಕಾದ ಒಂದು ಮಾಹಿತಿ ಮಾತ್ರ. ಇವನು ಏನು ಮಾಡುವುದಿಲ್ಲ ಎಂದು ತಿಳಿದರೆ ಸಾಕು, ಇವನಿಗೆ ಏನು ಬೇಕು ಎಂದು ಕೇಳಬೇಕಿಲ್ಲ. ನನ್ನ ಫಾರಂನ ಚೌಕ ಹುಟ್ಟಿದ್ದು ಅಲ್ಲಿ.

ಇನ್ನೊಂದು ದಾರಿಯೂ ಇತ್ತು, ಆಳನ್ನು ತಮ್ಮ ಧರ್ಮಕ್ಕೆ ತರುವುದು. ಭಾರತದಿಂದ ಹಡಗಿನಲ್ಲಿ ಊರಿಗೆ ಹೊರಟ ಇಂಗ್ಲಿಷ್ ಕುಟುಂಬಗಳು ಮಕ್ಕಳನ್ನು ನೋಡಿಕೊಳ್ಳಲು ಆಯಾಗಳನ್ನು ಜೊತೆಗೆ ಕರೆದೊಯ್ಯುತ್ತಿದ್ದವು. ಲಂಡನ್ ತಲುಪಿದ ಮೇಲೆ ಕೆಲವರನ್ನು ಮರಳುವ ಟಿಕೆಟ್ಟಿಲ್ಲದೆ ಅಲ್ಲೇ ಬಿಟ್ಟುಬಿಡುತ್ತಿದ್ದರು. ಅಂಥವರಿಗಾಗಿ ಹ್ಯಾಕ್ನಿಯಲ್ಲಿ ಲಂಡನ್ ಸಿಟಿ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ‘ಆಯಾಗಳ ಮನೆ’ ನಡೆಸುತ್ತಿತ್ತು. 2022ರಲ್ಲಿ ಆ ಕಟ್ಟಡಕ್ಕೆ ನೀಲಿ ಫಲಕ ಹಾಕಿದರು. ಬೀದಿಗೆ ಬಿದ್ದ ಹೆಂಗಸರಿಗೆ ಸೂರು ಕೊಟ್ಟದ್ದು ಸಣ್ಣ ಉಪಕಾರವಲ್ಲ. ಆದರೆ ಸೂರು ಕೊಟ್ಟವರು ದೇವರನ್ನೂ ಕೊಡಲು ನೋಡಿದರು. ಹೋಗಲು ಬೇರೆ ಜಾಗವಿಲ್ಲದವಳು ಬೇಡವೆನ್ನುವುದು ಹೇಗೆ?

ಹೋಗಲು ಬೇರೆ ಜಾಗವಿದ್ದ ಮನೆಗೆಲಸದವರೂ ಇದ್ದರು ಎನ್ನುವುದನ್ನು ನಾನು ಕಲಿತದ್ದು ಸಿಂಗಪುರದಲ್ಲಿ. 1933ರಲ್ಲಿ ಇಲ್ಲಿನ ಬ್ರಿಟಿಷ್ ಸರಕಾರ ಚೀನೀ ಗಂಡಸರ ವಲಸೆಗೆ ಮಿತಿ ಹಾಕಿತು. ಹೆಂಗಸರಿಗೆ 1938ರವರೆಗೆ ಆ ಮಿತಿ ಇರಲಿಲ್ಲ. ಅದೇ ಹೊತ್ತಿಗೆ ದಕ್ಷಿಣ ಚೀನಾದ ಶುಂಡೆ ಸೀಮೆಯಲ್ಲಿ ರೇಷ್ಮೆ ಉದ್ಯಮ ಕುಸಿದಿತ್ತು. ಅಲ್ಲಿನ ಹೆಣ್ಣುಮಕ್ಕಳು ಹಡಗು ಹತ್ತಿ ಬಂದು ಮನೆಗೆಲಸ ಹಿಡಿದರು. ಬಿಳಿ ಅಂಗಿ, ಕಪ್ಪು ಪಾಯಿಜಾಮ, ನೀಟಾಗಿ ಎತ್ತಿ ಕಟ್ಟಿದ ಕೂದಲು. ಅವರನ್ನು ‘ಮಾ ಜೆ’ ಎನ್ನುತ್ತಿದ್ದರು. ಕೂದಲು ಎತ್ತಿ ಕಟ್ಟುವುದು ಒಂದು ವ್ರತ. ಮದುವೆಯಾಗುವುದಿಲ್ಲ ಎಂದು ದೇವರ ಮುಂದೆ ಪ್ರತಿಜ್ಞೆ ಮಾಡಿ ಕಟ್ಟಿಕೊಂಡದ್ದು. ಅವರಲ್ಲಿ ಬಹಳ ಮಂದಿ ಕರುಣೆಯ ದೇವತೆ ಗುವಾನ್ಯಿನ್‌ಳ ಭಕ್ತರು.

ಕೆಲಸ ಬಿಳಿಯರ ಮನೆಯಲ್ಲೋ ಸಾಹುಕಾರರ ಮನೆಯಲ್ಲೋ ಇರಲಿ, ಮಾ ಜೆಗಳು ನಾಲ್ಕಾರು ಜನ ಸೇರಿ ಚೈನಾಟೌನಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯುತ್ತಿದ್ದರು. ಪೆಟ್ಟಿಗೆ ಅಲ್ಲಿ, ಗೆಳತಿಯರು ಅಲ್ಲಿ. ಯಜಮಾನಿ ಸರಿಯಿಲ್ಲದಿದ್ದರೆ ಕೆಲಸ ಬಿಟ್ಟು ಆ ಕೋಣೆಗೆ ಬಂದು ಕೂರಬಹುದಿತ್ತು. ಮುಪ್ಪಿನಲ್ಲಿ ಎಷ್ಟೋ ಜನ ಸಸ್ಯಾಹಾರದ ಮಠಗಳನ್ನು ಸೇರಿದರು. ಅವರ ದೇವರು ಉಳಿದದ್ದು ಯಜಮಾನರ ಉದಾರತೆಯಿಂದಲ್ಲ, ಊರಿನಲ್ಲಿ ಅವರದ್ದೇ ಒಂದು ಬಾಗಿಲು ಇದ್ದದ್ದರಿಂದ.

ಮಾ ಜೆಗಳಿಗೆ ವಯಸ್ಸಾಯಿತು, ಸಿಂಗಪುರದ ಹೆಂಗಸರು ಕಾರ್ಖಾನೆ ಮತ್ತು ಕಚೇರಿಗಳಿಗೆ ಹೊರಟರು. 1978ರಲ್ಲಿ ಸರಕಾರ ಹೊರದೇಶದ ಹೆಂಗಸರನ್ನು ಮನೆಗೆಲಸಕ್ಕೆ ಕರೆತರುವ ಯೋಜನೆ ತಂದಿತು. ಮೊದಲಿಗೆ ಫಿಲಿಪೀನ್ಸ್, ಶ್ರೀಲಂಕಾ, ಥಾಯ್ಲೆಂಡ್, ಆಮೇಲೆ ಇಂಡೋನೇಷ್ಯಾ, ಮ್ಯಾನ್ಮಾರ್, ಭಾರತ. ಈಗ ಅವರ ಸಂಖ್ಯೆ ಎರಡೂವರೆ ಲಕ್ಷಕ್ಕೂ ಹೆಚ್ಚು. ಆದರೆ ನಿಯಮದ ಪ್ರಕಾರ ಅವರು ಯಜಮಾನರ ಮನೆಯಲ್ಲೇ ವಾಸಿಸಬೇಕು. ಚೈನಾಟೌನಿನ ಕೋಣೆಯಂಥದ್ದು ಅವರಿಗಿಲ್ಲ. ಅವರ ಪ್ರಾರ್ಥನೆ, ಉಪವಾಸ, ಹಬ್ಬ ಎಲ್ಲವೂ ಇನ್ನೊಬ್ಬರ ಗೋಡೆಗಳೊಳಗೆ.

ನಮ್ಮ ಮನೆಯಲ್ಲಿ ಆ ಗೋಡೆಗಳು ಬಹಳ ದಪ್ಪ. ಇಲ್ಲಿನ ಹೊಸ ಫ್ಲ್ಯಾಟುಗಳಲ್ಲಿ ಯುದ್ಧ ಬಂದರೆ ಅಡಗಿಕೊಳ್ಳಲೆಂದು ಉಕ್ಕಿನ ಬಾಗಿಲಿನ, ಕಿಟಕಿಯಿಲ್ಲದ ಒಂದು ಪುಟ್ಟ ಕೋಣೆ ಕಟ್ಟುತ್ತಾರೆ. ಎಷ್ಟೋ ಮನೆಗಳಂತೆ ನಾವೂ ಅದನ್ನೇ ಅವಳಿಗೆ ಕೊಟ್ಟಿದ್ದೆವು. ಪಶ್ಚಿಮದಿಂದ ತುಸು ಉತ್ತರಕ್ಕೆ ಓರೆಯಾಗಿ ಚಾಪೆ ಹಾಸಿ ಅವಳು ನಮಾಜು ಮಾಡುತ್ತಿದ್ದಳು. ನನ್ನ ಮಗ ಅವಳನ್ನು ಇಲ್ಲಿನ ರೂಢಿಯಂತೆ ‘ಕಾಕಾ’ ಎನ್ನುತ್ತಿದ್ದ. ಮಲಯ ಭಾಷೆಯಲ್ಲಿ ಹಾಗೆಂದರೆ ಅಕ್ಕ.

ಆ ವರ್ಷ ಜುಲೈ ಕೊನೆಗೆ ಧಾರವಾಡದಿಂದ ಅವ್ವ ಬಂದಳು. “ನಮ್ಮ ಕಡೆ ಕಾಕಾ ಅಂದ್ರ ಅಪ್ಪನ ತಮ್ಮ” ಎಂದು ನಕ್ಕಳು. ಅವ್ವನದು ಮಡಿ. ಒಲೆಯ ಹತ್ತಿರ, ದೇವರ ಕಪಾಟಿನ ಹತ್ತಿರ ಅವಳು ಬರಬಾರದು ಎಂದಳು. “ಆಕಿ ಧರ್ಮ ಬ್ಯಾರೆ ಅಲ್ಲೇನ?” ನಾವು ಗಂಡಹೆಂಡತಿ ಮುಖ ಮುಖ ನೋಡಿಕೊಂಡು ಸುಮ್ಮನಾದೆವು. ಅವಳ ತಟ್ಟೆ ಲೋಟಗಳು ಬೇರೆಯಾದವು. ನನಗೆ ಆಗ ನೆನಪಾದದ್ದು ಧಾರವಾಡದ ಮನೆಯ ಹಿತ್ತಲು. ಅಲ್ಲಿ ಪಾತ್ರೆ ತೊಳೆಯಲು ಬರುತ್ತಿದ್ದವಳು ಹಿಂಬಾಗಿಲಿನಿಂದ ಒಳಗೆ ಬರುತ್ತಿರಲಿಲ್ಲ. ಅವಳು ತೊಳೆದಿಟ್ಟ ಪಾತ್ರೆಗೆ ಇನ್ನೊಮ್ಮೆ ನೀರು ಹಾಕಿಯೇ ಅವ್ವ ಒಳಗೆ ತರುತ್ತಿದ್ದಳು. ಆಕೆಯ ಧರ್ಮ ಬೇರೆಯಾಗಿರಲಿಲ್ಲ. ನಾಗರಪಂಚಮಿ ಅವಳಿಗೂ ಇತ್ತು, ನಮಗೂ ಇತ್ತು. ನಾವು ಊರಿನಿಂದ ಹೊತ್ತು ತಂದ ಗೆರೆ ಹಳೆಯದು. ಇಲ್ಲಿ ಅದಕ್ಕೆ ‘ಧರ್ಮ ಬೇರೆ’ ಎಂಬ ಮರ್ಯಾದಸ್ಥ ಹೆಸರು ಸಿಕ್ಕಿತ್ತು, ಅಷ್ಟೆ.

ಆಗಸ್ಟಿನಲ್ಲಿ ರಂಜಾನ್. ಅವಳು ಬೆಳಗಿನ ನಾಲ್ಕೂವರೆಗೆ ಎದ್ದು, ಸದ್ದು ಮಾಡದೆ ಅನ್ನ ತಿಂದು, ರೋಜಾ ಹಿಡಿದು ದಿನವಿಡೀ ಕೆಲಸ ಮಾಡುತ್ತಿದ್ದಳು. ಮೂವತ್ತನೇ ತಾರೀಕು ಮಂಗಳವಾರ ಈದ್. ಮರುದಿನ ನಮ್ಮ ಗೌರಿ, ಅದರ ಮರುದಿನ ಗಣಪತಿ. ಮನೆ ತೊಳೆಯಬೇಕು, ಇಪ್ಪತ್ತು ಜನ ಊಟಕ್ಕೆ ಬರುವವರಿದ್ದರು. ಮಸೀದಿಗೆ ಹೋಗಿಬರಲೇ ಎಂದು ಅವಳು ಮೊದಲೇ ಕೇಳಿದ್ದಳು. “ಭಾನುವಾರ ಪೂರ್ತಿ ರಜೆ ತಗೋ, ಮಂಗಳವಾರ ಮಾತ್ರ ಬೇಡ” ಎಂದು ನಾನು ಬಹಳ ಮೃದುವಾಗಿ ಹೇಳಿದೆ. “ಬೋಲೆ, ಮ್ಯಾಮ್” ಎಂದಳು. ಆಗಬಹುದು ಎಂದರ್ಥ.

ಅಂದು ಬೆಳಿಗ್ಗೆ ಹತ್ತು ಗಂಟೆ. ಗಂಡ ಪೇಪರು ಓದುತ್ತಿದ್ದರು, ಮಗ ಟೀವಿ ಮುಂದಿದ್ದ. ಈದ್ ಇಲ್ಲಿ ಸರಕಾರಿ ರಜೆ. ಅವಳು ಬಚ್ಚಲು ತಿಕ್ಕುತ್ತಿದ್ದಳು.

ಅವ್ವ ಹಿಂದಿನ ಮೊಗಸಾಲೆಯಲ್ಲಿ ಬಟ್ಟೆ ತೆಗೆಯುತ್ತಿದ್ದವಳು ನನ್ನನ್ನು ಕರೆದಳು. ಅವಳು ನಮಾಜಿಗೆ ತೊಡುವ ಬಿಳಿ ನಿಲುವಂಗಿ, ಜಾವಾದವರು ಅದನ್ನು ಮುಕೆನಾ ಎನ್ನುತ್ತಾರೆ, ಬೇರೆ ಬಟ್ಟೆಗಳಿಂದ ದೂರ ಒಂಟಿ ಕೋಲಿನ ಮೇಲೆ ಒಣಗುತ್ತಿತ್ತು. “ಇದು ಆಕಿ ಮಡಿ ಅರವಿ. ದಿನಾ ನೋಡೀನಿ, ಕೈಕಾಲು ತೊಳಕೊಂಡೇ ಮುಟ್ಟತಾಳ. ನೀ ಮುಟ್ಟಬ್ಯಾಡ” ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ಇವತ್ತ ಆಕಿ ಹಬ್ಬ ಅಂತೀರಿ. ನೀವೆಲ್ಲಾ ರಜಾ ತಗೊಂಡೀರಿ. ಮತ್ತ ಆಕಿ ಯಾಕ ಬಚ್ಚಲಾ ತಿಕ್ಕಲಿಕ್ಕತ್ತಾಳ?”

ನನ್ನಲ್ಲಿ ಉತ್ತರವಿರಲಿಲ್ಲ. ಅವ್ವ ಅಂದಿನಿಂದ ಬದಲಾದಳು ಎಂದು ಬರೆದರೆ ಸುಳ್ಳಾಗುತ್ತದೆ. ಒಲೆಯ ಹತ್ತಿರ ಅವಳನ್ನು ಬಿಟ್ಟುಕೊಳ್ಳದೆಯೇ ಅವ್ವ ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದಳು. ಆದರೆ ವ್ರತ ನೇಮ ಎಂದರೇನು ಎಂದು ಬಲ್ಲವಳಿಗೆ ಇನ್ನೊಬ್ಬಳ ನೇಮ ಕಣ್ಣಿಗೆ ಬಿತ್ತು. ಧರ್ಮದ ವಿಷಯದಲ್ಲಿ ನಮಗೇನೂ ಭೇದವಿಲ್ಲ ಎನ್ನುತ್ತಿದ್ದ ನಾವೇ ಅವಳ ಹಬ್ಬವನ್ನು ಕಿತ್ತುಕೊಂಡಿದ್ದೆವು. ಭೇದವಿಲ್ಲ ಎಂದುಕೊಂಡದ್ದರಿಂದಲೇ ಅದು ನಮಗೆ ಕಾಣಿಸಲಿಲ್ಲ.

ನಾನು ಅಂದು ಯಾವ ಕಾನೂನನ್ನೂ ಮುರಿಯಲಿಲ್ಲ. ಸಿಂಗಪುರದ ಸಂವಿಧಾನದ 15ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ಆಚರಿಸುವ ಹಕ್ಕು ಕೊಡುತ್ತದೆ. ಆದರೆ ಮನೆಗೆಲಸದವರಿಗೆ ವಾರದ ರಜೆ ಕಾನೂನಾಗಿ ಬಂದದ್ದು 2013ರ ಜನವರಿಯಲ್ಲಿ. ಆಗಲೂ ರಜೆಯ ಬದಲು ದುಡ್ಡು ಕೊಡುವ ಅವಕಾಶವಿತ್ತು. ತಿಂಗಳಿಗೆ ಒಂದು ರಜೆಯನ್ನಾದರೂ ದುಡ್ಡಿಗೆ ಮಾರುವಂತಿಲ್ಲ ಎಂಬ ನಿಯಮ ಬಂದದ್ದು 2023ರಲ್ಲಿ. ಹಕ್ಕು ಪುಸ್ತಕದಲ್ಲಿತ್ತು, ಅದನ್ನು ಬಳಸಲು ಬೇಕಾದ ದಿನ ಇರಲಿಲ್ಲ.

2013ರ ಏಪ್ರಿಲಿನಲ್ಲಿ ಅವಳ ಕರಾರು ನವೀಕರಿಸುವಾಗ ಭಾನುವಾರದ ರಜೆ ಬರೆದೆವು. ಅವಳು ಹೊರಗೆ ಹೋಗತೊಡಗಿದಳು. ಮಸೀದಿಯಲ್ಲಿ ಅರಬ್ಬಿ ಓದಲು ಕಲಿತಳು. ಪಾಯ ಲೇಬಾರ್‌ನ ಸಿಟಿ ಪ್ಲಾಜಾದಲ್ಲಿ ಊರಿನವರ ಜೊತೆ ಮೀನು ಕೋಳಿ ತಿಂದು ಬಂದಳು. ಅದುವರೆಗೆ ಎರಡು ವರ್ಷ ನಮ್ಮ ಸಾರು ಪಲ್ಯ ತಿಂದುಕೊಂಡಿದ್ದವಳಿಗೆ ಮೀನು ಬೇಕೆನಿಸಿರಬಹುದು ಎಂದು ನಮಗೆ ಹೊಳೆದಿರಲೇ ಇಲ್ಲ. ಅವಳಿಗೆ ಏನು ಕೂಡದು ಎಂಬುದನ್ನು ಫಾರಂ ಕೇಳಿತ್ತು, ನಾವೂ ಅಷ್ಟನ್ನೇ ಓದಿದ್ದೆವು. ಆ ಭಾನುವಾರಗಳು ಮಾ ಜೆಗಳ ಚೈನಾಟೌನ್ ಕೋಣೆಯ ಒಂದು ತುಣುಕು ಎಂದು ಈಗ ಅನ್ನಿಸುತ್ತದೆ.

ಈಗ ನಮ್ಮ ಮನೆಯಲ್ಲಿ ಇರುವವಳು ಮ್ಯಾನ್ಮಾರಿನ ಬೌದ್ಧ ಹುಡುಗಿ. ಬಂದ ದಿನವೇ ಕೇಳಿದೆ: ನಿನ್ನ ಹಬ್ಬಗಳು ಯಾವಾಗ, ಪ್ರಾರ್ಥನೆಗೆ ಎಷ್ಟು ಹೊತ್ತು ಬೇಕು, ಏನು ತಿನ್ನಲು ಇಷ್ಟ. ಅವಳು ಹೇಳಿದ ದಿನಗಳನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಮೊದಲು ಗುರುತು ಮಾಡಿ, ಆಮೇಲೆ ಪಂಚಾಂಗ ನೋಡಿ ನಮ್ಮವನ್ನು ಬರೆಯುತ್ತೇನೆ. ಎರಡೂ ಒಂದೇ ದಿನ ಬಂದರೆ ಪಾತ್ರೆ ನಾವು ತೊಳೆಯುತ್ತೇವೆ. ಇದರಲ್ಲಿ ದೊಡ್ಡತನವೇನೂ ಇಲ್ಲ, 2011ರಲ್ಲೇ ಮಾಡಬಹುದಾಗಿದ್ದ ಕೆಲಸ.

ಜಾವಾದವಳು 2017ರಲ್ಲಿ ಊರಿಗೆ ಮರಳಿದಳು. ಹೊರಡುವ ಹಿಂದಿನ ರಾತ್ರಿ, ಪೆಟ್ಟಿಗೆ ಕಟ್ಟುವಾಗ, ಆ ಈದಿನ ದಿನದ ವಿಷಯ ಎತ್ತಿ ತಪ್ಪಾಯಿತು ಎಂದೆ. ಅವಳು ಮುಕೆನಾ ಮಡಿಸುತ್ತಿದ್ದವಳು ತಲೆಯೆತ್ತಿ, “ತಿದಾ ಅಪಾ ಅಪಾ, ಮ್ಯಾಮ್” ಎಂದಳು. ಪರವಾಗಿಲ್ಲ ಎಂದರ್ಥ. ನನಗೆ ನೆನಪೇ ಇಲ್ಲ ಎಂದೂ ಸೇರಿಸಿದಳು.

ಆ ಮಂಗಳವಾರ ಅವಳಿಗೆ ನಿಜವಾಗಿ ಮರೆತಿತ್ತೋ, ಯಜಮಾನಿಯ ಮನಸ್ಸು ನೋಯಿಸಬಾರದೆಂದು ಹಾಗೆಂದಳೋ, ನನಗೆ ಗೊತ್ತಾಗಲಿಲ್ಲ. ಆರು ವರ್ಷ ಒಂದೇ ಸೂರಿನಡಿ ಇದ್ದೂ ಅದನ್ನು ತಿಳಿಯುವಷ್ಟು ಅವಳನ್ನು ನಾನು ಕೇಳಿರಲಿಲ್ಲ.