ಒಂದೇ ಕ್ಯಾಬಿನ್‌ನ ಇಬ್ಬರು ವೀರರು: 1952ರ ‘ಸೂಪರ್‌ಮ್ಯಾನ್’ 76ನೇ ಸಂಚಿಕೆ

ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮ್ಯಾನ್‌ಗೆ ಪರಸ್ಪರರ ನಿಜರೂಪ ಗೊತ್ತಾಗುವ ಪ್ರಸಿದ್ಧ ಕಥೆ ‘ಸೂಪರ್‌ಮ್ಯಾನ್’ ಕಾಮಿಕ್ಸ್‌ನ 76ನೇ ಸಂಚಿಕೆಯದು (ಮೇ–ಜೂನ್ 1952). ಬರೆದವರು ವೈಜ್ಞಾನಿಕ ಕಥೆಗಳಿಗೆ ಹೆಸರಾದ ಎಡ್ಮಂಡ್ ಹ್ಯಾಮಿಲ್ಟನ್. ಪೆನ್ಸಿಲ್ ಚಿತ್ರಗಳು ಕರ್ಟ್ ಸ್ವಾನ್ ಅವರವು.

ಹಿನ್ನೆಲೆ

ಸೂಪರ್‌ಮ್ಯಾನ್ ಕಾಣಿಸಿಕೊಂಡದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. 1940ರ ದಶಕದ ‘ವರ್ಲ್ಡ್ಸ್ ಫೈನೆಸ್ಟ್ ಕಾಮಿಕ್ಸ್’ ಮುಖಪುಟಗಳಲ್ಲಿ ಇಬ್ಬರೂ ನಗುತ್ತಾ ಆಟವಾಡುತ್ತಿದ್ದರು. ಪುಟ ತಿರುವಿದರೆ ಮಾತ್ರ ಅವರವರ ಕಥೆ ಅವರವರಿಗೆ. 1945ರಲ್ಲಿ ಸೂಪರ್‌ಮ್ಯಾನ್ ರೇಡಿಯೊ ಧಾರಾವಾಹಿಗೆ ಬ್ಯಾಟ್‌ಮ್ಯಾನ್ ಅತಿಥಿಯಾಗಿ ಬಂದಿದ್ದ. ಆದರೂ ಕಾಮಿಕ್ಸ್‌ನಲ್ಲಿ ಈ ಗೆಳೆತನಕ್ಕೆ ಒಂದು ಆರಂಭ ಬೇಕಿತ್ತು.

ಕಥೆ

ಪತ್ರಕರ್ತ ಕ್ಲಾರ್ಕ್ ಕೆಂಟ್ (ಸೂಪರ್‌ಮ್ಯಾನ್) ಮತ್ತು ಶ್ರೀಮಂತ ಬ್ರೂಸ್ ವೇಯ್ನ್ (ಬ್ಯಾಟ್‌ಮ್ಯಾನ್) ರಜೆ ಕಳೆಯಲೆಂದು ಒಂದೇ ಹಡಗು ಹತ್ತುತ್ತಾರೆ. ಜಾಗ ಸಾಲದೆ ಇಬ್ಬರಿಗೂ ಒಂದೇ ಕ್ಯಾಬಿನ್. ಅಷ್ಟರಲ್ಲಿ ಹಡಗುಕಟ್ಟೆಯಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ಇಬ್ಬರೂ ಕತ್ತಲಲ್ಲಿ ಗುಟ್ಟಾಗಿ ವೇಷ ಬದಲಿಸುತ್ತಿರುವಾಗ ಬೆಂಕಿಯ ಬೆಳಕು ಕಿಟಕಿಯಿಂದ ಒಳಗೆ ಬೀಳುತ್ತದೆ. ಒಬ್ಬನ ಅಂಗಿಯೊಳಗಿನ ಲಾಂಛನ ಇನ್ನೊಬ್ಬನಿಗೆ ಕಾಣುತ್ತದೆ. ವರ್ಷಗಟ್ಟಲೆ ಕಾಪಾಡಿಕೊಂಡ ಗುಟ್ಟು ಕ್ಷಣದಲ್ಲಿ ಬಯಲು!

ಮುಂದಿನದು ಹಾಸ್ಯ. ಪತ್ರಕರ್ತೆ ಲೋಯಿಸ್ ಲೇನ್ ಕೂಡ ಹಡಗಿನಲ್ಲಿದ್ದಾಳೆ. ಅವಳ ಗಮನ ಬೇರೆಡೆ ಸೆಳೆಯಲು ಬ್ಯಾಟ್‌ಮ್ಯಾನ್ ಅವಳನ್ನು ಮೆಚ್ಚಿದಂತೆ ನಟಿಸುತ್ತಾನೆ. ಕೊನೆಯಲ್ಲಿ ಲೋಯಿಸ್ ಈ ಇಬ್ಬರನ್ನೂ ಬಿಟ್ಟು ಬ್ಯಾಟ್‌ಮ್ಯಾನ್‌ನ ಸಹಾಯಕ ಹುಡುಗ ರಾಬಿನ್ ಜೊತೆ ಊಟಕ್ಕೆ ಹೊರಡುತ್ತಾಳೆ. ಲೋಕವನ್ನೇ ಕಾಯುವವರು ಪೆಚ್ಚಾಗಿ ನಿಲ್ಲುತ್ತಾರೆ.

ಕಥೆಯ ಹೆಚ್ಚುಗಾರಿಕೆ

ಮುಖವಾಡದ ವೀರನಿಗೆ ಗುಟ್ಟು ರಟ್ಟಾಗುವುದಕ್ಕಿಂತ ದೊಡ್ಡ ಭಯವಿಲ್ಲ. ಹ್ಯಾಮಿಲ್ಟನ್ ಆ ಭಯವನ್ನೇ ಸ್ನೇಹದ ಬಾಗಿಲು ಮಾಡಿದರು. ಇಲ್ಲಿ ಜಗಳವಿಲ್ಲ, ಯಾರು ಬಲಶಾಲಿ ಎಂಬ ಪಂಥವೂ ಇಲ್ಲ. ಬೆಂಕಿ ಆರಿಸುವ ಕೆಲಸ ಮೊದಲು, ಮಿಕ್ಕ ಮಾತು ಆಮೇಲೆ. ಯಾರ ಮುಂದೆಯೂ ಮನಬಿಚ್ಚಲಾಗದ ಇಬ್ಬರಿಗೆ, ಏನನ್ನೂ ಮುಚ್ಚಿಡಬೇಕಿಲ್ಲದ ಒಬ್ಬ ಜೊತೆಗಾರ ಸಿಕ್ಕಿದ್ದೇ ಈ ಕಥೆಯ ನಿಜವಾದ ಸಂತೋಷ.

ನಂತರದ ಹಾದಿ

1954ರಲ್ಲಿ ‘ವರ್ಲ್ಡ್ಸ್ ಫೈನೆಸ್ಟ್’ ಪುಟಗಳು ಕಡಿಮೆಯಾದವು. ಬೇರೆ ಬೇರೆ ಕಥೆಗಳಿಗೆ ಜಾಗವಿಲ್ಲದೆ 71ನೇ ಸಂಚಿಕೆಯಿಂದ ಇಬ್ಬರನ್ನೂ ಒಂದೇ ಕಥೆಯಲ್ಲಿ ತರಲಾಯಿತು. ಈ ಪತ್ರಿಕೆ 1986ರವರೆಗೆ ನಡೆಯಿತು. ಅದೇ ವರ್ಷ ಜಾನ್ ಬರ್ನ್ ‘ದಿ ಮ್ಯಾನ್ ಆಫ್ ಸ್ಟೀಲ್’ನಲ್ಲಿ ಇವರ ಮೊದಲ ಭೇಟಿಯನ್ನು ಅನುಮಾನದ ಭೇಟಿಯಾಗಿ ಮರುರೂಪಿಸಿದರು. 2016ರ ಸಿನಿಮಾ ಇಬ್ಬರನ್ನೂ ನೇರ ಕಾದಾಟಕ್ಕೇ ಇಳಿಸಿತು.

ಆದರೂ ಹಳೆಯ ಲವಲವಿಕೆ ಸಾಯಲಿಲ್ಲ. ಟಾಮ್ ಕಿಂಗ್ ಬರೆದು ಕ್ಲೇ ಮಾನ್ ಚಿತ್ರಿಸಿದ ‘ಬ್ಯಾಟ್‌ಮ್ಯಾನ್’ 37ನೇ ಸಂಚಿಕೆಯಲ್ಲಿ (2018) ಇಬ್ಬರೂ ತಮ್ಮ ಸಂಗಾತಿಗಳೊಂದಿಗೆ ಜಾತ್ರೆಗೆ ಹೋಗುತ್ತಾರೆ. ಅಂದು ಸೂಪರ್‌ಹೀರೋ ವೇಷವಿದ್ದವರಿಗಷ್ಟೇ ಪ್ರವೇಶ. ಬ್ರೂಸ್ ಸೂಪರ್‌ಮ್ಯಾನ್ ಉಡುಪು ತೊಡುತ್ತಾನೆ, ಕ್ಲಾರ್ಕ್ ಬ್ಯಾಟ್‌ಮ್ಯಾನ್ ಉಡುಪು. ಕಾದಾಟದ ಕಥೆಗಳು ಇವರ ಬಲವನ್ನು ಅಳೆಯುತ್ತವೆ. ಇಂಥ ಕಥೆಗಳು ಇವರ ನಡುವಿನ ನಂಬಿಕೆಯನ್ನು ತೋರಿಸುತ್ತವೆ.