ನಾಲ್ಕು ಕಂಬದ ರಂಗಸ್ಥಳ

ಬ್ಯಾಂಕಿನ ವರ್ಗಾವಣೆಯ ಮೇಲೆ 1984ರಲ್ಲಿ ಮುಂಬಯಿಗೆ ಬಂದವನು ಮುಂಬ್ರಾದಲ್ಲಿ ಮನೆ ಮಾಡಿದೆ. ಪಾರ್ಸಿಕ್ ಗುಡ್ಡಕ್ಕೆ ಮಳೆ ಹಿಡಿಯಿತೆಂದರೆ ನಮಗೆ ಆಟದ ಕಾಲ. ಊರಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಕಲಾವಿದರು ಮಳೆಗಾಲಕ್ಕೆ ಇಲ್ಲಿಗೆ ಬರುತ್ತಾರೆ. ಠಾಣೆ, ಡೊಂಬಿವಿಲಿ, ಮಾಟುಂಗ, ಎಲ್ಲೇ ಇರಲಿ, ಲೋಕಲ್ ಹತ್ತಿ ಹೊರಡೋದೇ.

ಒಂದು ಸಲ ಬಾಳೆದಿಂಡು, ಮಾವಿನ ಸೊಪ್ಪು ಹೊತ್ತುಕೊಂಡು ಹೋದರೆ ಸಭಾಗೃಹದವರು, ವೇದಿಕೆ ಗಲೀಜಾಗ್ತದೆ ಅಂತ ಒಳಗೇ ಬಿಡಲಿಲ್ಲ. ನೀಲಿ ಪರದೆಯ ಮುಂದೆ ಬೋಳು ಹಲಗೆಯ ಮೇಲೆ ಆಟ ನಡೆಯಿತು. ಏನೋ ಕಳೆದುಕೊಂಡ ಹಾಗಾಯಿತು.

ಬಯಲಾಟದ ರಂಗಸ್ಥಳದಲ್ಲಿ ಇರುವುದಾದರೂ ಏನು? ನಾಲ್ಕು ಕಂಬ, ಮೂಲೆಗೆ ಬಾಳೆ, ಸುತ್ತ ಮಾವಿನ ತೋರಣ, ಬಣ್ಣದ ಕಾಗದ. ಹಿಂದೆ ಭಾಗವತರು, ಮೂರು ಕಡೆ ಜನ. ಅಲಂಕಾರವೆಲ್ಲ ವೇಷಧಾರಿಯ ಮೈಮೇಲೆ. ಹಗುರ ಮರದ ಆಭರಣಕ್ಕೆ ಬಂಗಾರದ ಬೇಗಡೆ, ಕನ್ನಡಿ ಚೂರು ಅಂಟಿಸುತ್ತಿದ್ದರು. ದೊಂದಿಯ ಬೆಳಕಿನಲ್ಲಿ ಅದು ಮಿಂಚಬೇಕು. ಬಡಗಿನಲ್ಲಿ ರಥ ಅನ್ನುವ ಒಂದು ಪೀಠ ಇಟ್ಟರೆ ಅದೇ ಸಿಂಹಾಸನ, ಅದೇ ತೇರು.

ಚೀನಾದ ಹಳೆಯ ಸಂಗೀತ ನಾಟಕದ ವೇದಿಕೆಯೂ ಹೀಗೇ: ಕಂಬಗಳ ಮೇಲೊಂದು ಮಾಡು, ಮೂರು ಕಡೆ ಬಯಲು, ಹಿಂದೆ ಬರಲೊಂದು ಹೋಗಲೊಂದು ಬಾಗಿಲು. ಒಂದು ಮೇಜು, ಎರಡು ಕುರ್ಚಿಯಲ್ಲಿ ಅರಮನೆಯೂ ಆಯಿತು, ಬೆಟ್ಟವೂ ಆಯಿತು. ದೇವಾಲಯಗಳಲ್ಲಿ ಈ ವೇದಿಕೆ ದೇವರ ಗುಡಿಗೆ ಎದುರಾಗಿರುತ್ತಿತ್ತು. ನಮ್ಮ ಹರಕೆ ಆಟದ ನೆನಪಾಗದೆ ಇರದು. ಅವರ ಸಿರಿ ಮಾಡಿನಲ್ಲಿ: ಕೆತ್ತಿದ ತೊಲೆ, ಬಣ್ಣದ ಡ್ರ್ಯಾಗನ್, ಬಾವಿಯಂತೆ ಮೇಲಕ್ಕೆ ಸುತ್ತುವ ಮರದ ಒಳಚಾವಣಿ. ಬೀಜಿಂಗ್ ಅರಮನೆಯ 18ನೇ ಶತಮಾನದ ವೇದಿಕೆಗಂತೂ ಮೂರು ಅಂತಸ್ತು. ದೇವತೆಗಳು ಮೇಲಿಂದ ಇಳಿಯಬಹುದು, ಭೂತಗಳು ಕೆಳಗಿಂದ ಏಳಬಹುದು.

ನಮ್ಮಲ್ಲಿ ಮೂರು ಕಡೆ ಮುಚ್ಚಿದ್ದು ಯಾರು? ಅದರ ಜಾಡು ಹಿಡಿದು ಹೊರಟರೆ ಮತ್ತೆ ಮುಂಬಯಿಗೇ ಬರಬೇಕು. ಬ್ರಿಟಿಷರ ಪೆಟ್ಟಿಗೆಯಂಥ ರಂಗವನ್ನು 19ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿನ ಪಾರ್ಸಿ ಕಂಪನಿಗಳು ಊರೂರಿಗೆ ಒಯ್ದವು. ಕಾಡು, ಬೀದಿ, ದರ್ಬಾರು ಬರೆದ ಪರದೆಗಳು ಕನ್ನಡ ಕಂಪನಿಗಳಿಗೂ ಬಂದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಮುಂದೆ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಯಕ್ಷಗಾನಕ್ಕೆ ಟಿಕೇಟಿನ ಡೇರೆ ಬಂದದ್ದು ಆಮೇಲೆ. ನಮ್ಮ ಆಟ ಮುಂಬಯಿಗೆ ಬಂದು ಆ ಪೆಟ್ಟಿಗೆಯೊಳಗೇ ಕೂತಿತು.

ಮರುವರ್ಷ ನಾವು ನಾಲ್ಕು ಎಣ್ಣೆ ಡಬ್ಬಿಗೆ ಮರಳು ತುಂಬಿ ಬಿದಿರು ನಿಲ್ಲಿಸಿದೆವು. ಮೊಳೆ ಇಲ್ಲ, ಗಲೀಜಿಲ್ಲ. ಯಾರೂ ತಕರಾರು ಮಾಡಲಿಲ್ಲ. ನಮ್ಮ ಮಕ್ಕಳನ್ನು ವೇದಿಕೆಯ ಎರಡೂ ಬದಿ ಚಾಪೆ ಹಾಸಿ ಕೂರಿಸಿದೆವು. ಮಹಿಷಾಸುರ ಬಂದಾಗ ಎಡಬದಿಯವರು ಚಾಪೆ ಬಿಟ್ಟು ಓಡಿದರು.