ಕ್ರೈಸ್ತ ಸಂಪ್ರದಾಯದಲ್ಲಿ ದಂಡನೆಯಿಲ್ಲದ ಶಿಶುಪಾಲನೆ

ಮಗುವನ್ನು ಹೊಡೆಯದೆ, ಹೆದರಿಸದೆ, ಅಳುವಾಗ ಮೊದಲು ಸಂತೈಸಿ ಆಮೇಲೆ ತಿದ್ದಬೇಕೆನ್ನುವ ಕ್ರೈಸ್ತ ಪಾಲನಾ ಕ್ರಮ. ಒಂದು ಗುರುತಿಸಬಹುದಾದ ಪಂಥವಾಗಿ ಇದು ರೂಪುಗೊಂಡದ್ದು 20ನೆಯ ಶತಮಾನದ ಕೊನೆಯಲ್ಲಿ, ಅಮೆರಿಕದಲ್ಲಿ. ಇದರ ಹಿಂದಿನ ವಿಚಾರ ಮಾತ್ರ ಬಹು ಹಳೆಯದು. ಮಗುವಿನ ಅಳು ಹುಟ್ಟಿನಿಂದ ಬಂದ ಪಾಪದ ಹಟವೋ, ನೆರವು ಬೇಡುವ ಕೂಗೋ ಎಂಬ ಪ್ರಶ್ನೆಗೆ ಕ್ರೈಸ್ತರು 1,600 ವರ್ಷಗಳಿಂದ ಎರಡು ಬಗೆಯ ಉತ್ತರ ಕೊಡುತ್ತ ಬಂದಿದ್ದಾರೆ.

ದಂಡನೆಯ ಪರ ಇರುವವರು ಮುಖ್ಯವಾಗಿ ನೆಚ್ಚಿಕೊಳ್ಳುವುದು ಸತ್ಯವೇದದ ಜ್ಞಾನೋಕ್ತಿಗಳು ಗ್ರಂಥವನ್ನು (13:24, 22:15, 23:13-14). ಅಲ್ಲಿ ಬರುವ ಹೀಬ್ರೂ ಪದ ‘ಶೇವೆಟ್’. ಕುರುಬನ ಕೋಲು, ರಾಜದಂಡ, ಕುಲ ಎಂಬ ಅರ್ಥಗಳೂ ಅದಕ್ಕಿವೆ. ಕನ್ನಡ ಸತ್ಯವೇದ ಜ್ಞಾನೋಕ್ತಿಗಳಲ್ಲಿ ಅದನ್ನು ‘ಬೆತ್ತ’ ಎಂದಿದೆ. ಕುರಿ ಕಾಯುವವನ ಚಿತ್ರವಿರುವ 23ನೆಯ ಕೀರ್ತನೆಯಲ್ಲಿ ಅದೇ ಪದವನ್ನು ‘ದೊಣ್ಣೆ’ ಎಂದಿದೆ. ಆ ಕೀರ್ತನೆಯಲ್ಲಿ ಅದು ಕುರಿಗೆ ಧೈರ್ಯ ಕೊಡುವ ವಸ್ತು. ಬೆತ್ತ ಬಿಟ್ಟರೆ ಮಗು ಕೆಡುತ್ತದೆ ಎಂಬರ್ಥದ ಪ್ರಸಿದ್ಧ ಇಂಗ್ಲಿಷ್ ಗಾದೆ ಸತ್ಯವೇದದ್ದೆಂದೇ ಹಲವರು ನಂಬಿದ್ದಾರೆ. ಅದು ಬಂದದ್ದು 17ನೆಯ ಶತಮಾನದ ಕವಿ ಸ್ಯಾಮ್ಯುಯೆಲ್ ಬಟ್ಲರನ ವಿಡಂಬನಕಾವ್ಯ ‘ಹ್ಯೂಡಿಬ್ರಾಸ್’ನಿಂದ. ಇತ್ತ ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದ ಪತ್ರಿಕೆಗಳು ಮಕ್ಕಳನ್ನು ಕೆಣಕಿ ಮನಗುಂದಿಸಬಾರದೆಂದು ತಂದೆಯರಿಗೇ ಹೇಳುತ್ತವೆ. ಮಾರ್ಕನ ಸುವಾರ್ತೆಯಲ್ಲಿ ಯೇಸು ಗದರಿಸುವುದು ಮಕ್ಕಳನ್ನಲ್ಲ, ಅವರನ್ನು ಹತ್ತಿರ ಬಿಡದ ಶಿಷ್ಯರನ್ನು.

ಸಂತ ಅಗಸ್ಟೀನ್ (354-430) ಈ ಎರಡು ಉತ್ತರಗಳ ನಡುವೆ ಸಿಕ್ಕಿಕೊಂಡವನು. ಶಾಲೆಯಲ್ಲಿ ಏಟು ಬೀಳದಿರಲೆಂದು ತಾನು ದೇವರಿಗೆ ಮೊರೆಯಿಟ್ಟದ್ದನ್ನೂ ದೊಡ್ಡವರು ಅದನ್ನು ಕಂಡು ನಕ್ಕದ್ದನ್ನೂ ಈತ ತನ್ನ ‘ಆತ್ಮನಿವೇದನೆ’ ಗ್ರಂಥದಲ್ಲಿ ನೋವಿನಿಂದ ನೆನೆಯುತ್ತಾನೆ. ಆದರೂ ಮೊಲೆಹಾಲಿಗಾಗಿ ಅಳುವ ಕೂಸಿನಲ್ಲಿ ಈತನಿಗೆ ಕಂಡದ್ದು ಪಾಪವೇ. ಇದೇ ಕಾಲದ ಧರ್ಮಬೋಧಕ ಜಾನ್ ಕ್ರಿಸೋಸ್ಟಮ್ ಮಕ್ಕಳ ಪಾಲನೆಯ ಬಗ್ಗೆ ಬರೆದ ಪ್ರಬಂಧದಲ್ಲಿ, ಏಟಿನ ಭಯವಿರಲಿ, ಏಟು ಮಾತ್ರ ವಾಡಿಕೆಯಾಗದಿರಲಿ ಎಂದ. ಇಂದಿನವರಿಗೆ ಇದು ಅರೆಮನಸ್ಸಿನ ಮಾತೆನಿಸಬಹುದು. ಗುಲಾಮನನ್ನೂ ಮಗನನ್ನೂ ಹೊಡೆಯುವುದು ಸಹಜವೆನಿಸಿದ್ದ ರೋಮನ್ ಸಮಾಜದಲ್ಲಿ ಅದು ಸಣ್ಣ ಮಾತಲ್ಲ.

ಸ್ಪಷ್ಟ ವಿರೋಧ ಕೇಳಿಬಂದದ್ದು 11ನೆಯ ಶತಮಾನದಲ್ಲಿ. ಸಂತ ಆನ್‌ಸೆಲ್ಮನ (1033-1109) ಬಗ್ಗೆ ಶಿಷ್ಯ ಈಡ್ಮರ್ ಬರೆದ ಜೀವನಚರಿತ್ರೆಯಲ್ಲಿ ಒಂದು ಸಂಭಾಷಣೆಯಿದೆ. ಮಠದಲ್ಲಿ ಬೆಳೆಯುವ ಹುಡುಗರನ್ನು ಹಗಲೂ ರಾತ್ರಿ ಹೊಡೆದರೂ ಅವರು ಇನ್ನಷ್ಟು ಕೆಡುತ್ತಿದ್ದಾರೆಂದು ಒಬ್ಬ ಮಠಾಧಿಪತಿ ಗೋಳಾಡುತ್ತಾನೆ. ತೋಟದಲ್ಲಿ ನೆಟ್ಟ ಸಸಿಯನ್ನು ಕೊಂಬೆ ಚಾಚಲಾಗದಂತೆ ಸುತ್ತಲೂ ಬಿಗಿದಿಟ್ಟು, ವರ್ಷಗಳ ಮೇಲೆ ಬಿಚ್ಚಿದರೆ ಎಂಥ ಮರ ಸಿಕ್ಕೀತೆಂದು ಆನ್‌ಸೆಲ್ಮ್ ಕೇಳುತ್ತಾನೆ. ಅಕ್ಕಸಾಲಿಗ ಚಿನ್ನದ ತಗಡನ್ನು ಬರಿಯ ಬಡಿತದಿಂದ ಮೂರ್ತಿ ಮಾಡುವುದಿಲ್ಲ, ಮೆಲ್ಲಗೆ ಒತ್ತಿ, ಮೆಲ್ಲಗೆ ಎತ್ತಿ ರೂಪ ಕೊಡುತ್ತಾನೆ ಎನ್ನುತ್ತಾನೆ. ಮಠಾಧಿಪತಿ ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಈ ಪರಂಪರೆಯ ಇಡೀ ತಿರುಳು ಆ ಮಾತುಕತೆಯಲ್ಲೇ ಇದೆ. ಮುಂದೆ 1529ರಲ್ಲಿ ವಿದ್ವಾಂಸ ಎರಾಸ್ಮಸ್ ಶಾಲೆಗಳ ಬೆತ್ತದೇಟನ್ನು ಕಟುವಾಗಿ ಖಂಡಿಸಿದ.

ಧರ್ಮಸುಧಾರಣೆಯ ನಂತರದ ಪ್ರೊಟೆಸ್ಟಂಟ್ ಮನೆಗಳಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸಿತು. ಮಗುವಿನ ಇಚ್ಛೆಯನ್ನು ಮುರಿಯಬೇಕೆಂಬ ಬೋಧನೆ ಬಲವಾಯಿತು. ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿಯ ತಾಯಿ ಸುಸಾನಾ, ಮಗನಿಗೆ 1732ರಲ್ಲಿ ಬರೆದ ಪತ್ರದಲ್ಲಿ, ತನ್ನ ಮಕ್ಕಳು ವರ್ಷ ತುಂಬುವ ಹೊತ್ತಿಗೇ ಬೆತ್ತಕ್ಕೆ ಹೆದರಿ ಸದ್ದಿಲ್ಲದೆ ಅಳುವುದನ್ನು ಕಲಿತಿದ್ದರೆಂದು ತಿಳಿಸಿದ್ದಾಳೆ. ತಪ್ಪೊಪ್ಪಿಕೊಂಡ ಮಗುವಿಗೆ ಏಟಿಲ್ಲ, ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆಯಿಲ್ಲ ಎಂಬ ನಿಯಮಗಳನ್ನೂ ಈಕೆ ಪಾಲಿಸುತ್ತಿದ್ದಳು. ಆಕೆ ಕ್ರೂರಿಯಲ್ಲ, ಮಕ್ಕಳ ಆತ್ಮದ ಚಿಂತೆ ಹೊತ್ತ ತಾಯಿ. ಹಾಗಿದ್ದೂ ಅಳುವ ಹಕ್ಕನ್ನೇ ಕೂಸಿನಿಂದ ಕಿತ್ತುಕೊಂಡ ಈ ಪತ್ರ ತಲೆಮಾರುಗಳ ಮನೆಗಳಿಗೆ ಮಾದರಿಯಾದದ್ದು ದುಃಖದ ಸಂಗತಿ.

ಇಚ್ಛೆ ಮುರಿಯುವ ಈ ಬೋಧನೆಯನ್ನು ದೇವತಾಶಾಸ್ತ್ರದ ನೆಲೆಯಲ್ಲೇ ಪ್ರಶ್ನಿಸಿದವನು ಅಮೆರಿಕದ ಹಾರ್ಟ್‌ಫರ್ಡ್‌ನ ಪಾದ್ರಿ ಹೊರೇಸ್ ಬುಶ್ನೆಲ್. ಮಗುವನ್ನು ಪಾಪಿಯೆಂದು ಬೆಳೆಸಿ ಮುಂದೊಂದು ದಿನ ಪರಿವರ್ತನೆಯಾಗಲೆಂದು ಕಾಯುವುದು ತಪ್ಪು, ಅದು ಮೊದಲಿನಿಂದಲೂ ತಾನು ದೇವರ ಮಗುವೆಂದೇ ತಿಳಿದು ಬೆಳೆಯಬೇಕು ಎಂದು ಈತ 1847ರ ಪುಸ್ತಕದಲ್ಲಿ ವಾದಿಸಿದ. ಟೀಕೆಗೆ ಬೆದರಿ ಪ್ರಕಾಶಕರು ಪುಸ್ತಕದ ಮಾರಾಟ ನಿಲ್ಲಿಸಿದರು. 1861ರಲ್ಲಿ ಅದು ‘ಕ್ರಿಶ್ಚಿಯನ್ ನರ್ಚರ್’ ಎಂಬ ಹೆಸರಿನಲ್ಲಿ ವಿಸ್ತಾರಗೊಂಡು ಬಂತು. ಕ್ಯಾಥೊಲಿಕರಲ್ಲಿ ಇಟಲಿಯ ಟುರಿನ್‌ನಲ್ಲಿ ಅನಾಥ ಹುಡುಗರ ನಡುವೆ ದುಡಿದ ಡಾನ್ ಬೋಸ್ಕೊ, ವಿವೇಕ, ಧರ್ಮ, ವಾತ್ಸಲ್ಯ ಈ ಮೂರನ್ನೇ ಆಧರಿಸಿದ ತನ್ನ ‘ತಡೆಗಟ್ಟುವ ಕ್ರಮ’ವನ್ನು 1877ರಲ್ಲಿ ಬರಹಕ್ಕಿಳಿಸಿದ. ಆತ ಕಟ್ಟಿದ ಸಲೇಸಿಯನ್ ಸಭೆಯವರು ಬೆಂಗಳೂರಿನಲ್ಲಿ ಬೀದಿ ಮಕ್ಕಳಿಗಾಗಿ 1980ರಲ್ಲಿ ಆರಂಭಿಸಿದ ಸಂಸ್ಥೆ ‘ಬಾಸ್ಕೊ’ ಎಂದೇ ಹೆಸರಾಗಿದೆ.

ಅಳುವ ಮಗುವನ್ನು ಎತ್ತಿಕೊಳ್ಳಬಾರದೆಂಬ ಬೋಧನೆಗೆ 20ನೆಯ ಶತಮಾನದಲ್ಲಿ ವಿಜ್ಞಾನದ ಮುದ್ರೆಯೂ ಬಿತ್ತು. ಮನೋವಿಜ್ಞಾನಿ ಜಾನ್ ವಾಟ್ಸನ್ 1928ರ ತನ್ನ ಪುಸ್ತಕದಲ್ಲಿ ಮುದ್ದಾಟವನ್ನೇ ಅಪಾಯವೆಂದ. ಈ ನಂಬಿಕೆ ಕುಸಿದದ್ದು ತಾಯಿಯಿಂದ ಅಗಲಿದ ಮಕ್ಕಳನ್ನು ಕಣ್ಣಾರೆ ಕಂಡವರಿಂದ. ಇಂಥ ಮಕ್ಕಳ ಬಗ್ಗೆ ಮನೋವೈದ್ಯ ಜಾನ್ ಬೌಲ್ಬಿ ಬರೆದ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1951ರಲ್ಲಿ ಪ್ರಕಟಿಸಿತು. ಮರುವರ್ಷ ಆತನ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್, ಲಂಡನ್ ಆಸ್ಪತ್ರೆಯಲ್ಲಿ ಒಂಟಿಯಾದ 2 ವರ್ಷದ ಹುಡುಗಿಯ ಚಲನಚಿತ್ರ ತೆಗೆದು ತೋರಿಸಿದ.

ಅಮೆರಿಕದ ಕ್ರೈಸ್ತ ಮನೆಗಳಲ್ಲಿ ಹಗ್ಗಜಗ್ಗಾಟ ತೀವ್ರವಾದದ್ದು 1970ರ ನಂತರ. ಆ ವರ್ಷ ಬಂದ ಮನೋವಿಜ್ಞಾನಿ ಜೇಮ್ಸ್ ಡಾಬ್ಸನ್ನರ ‘ಡೇರ್ ಟು ಡಿಸಿಪ್ಲಿನ್’ ಏಟನ್ನು ಸಮರ್ಥಿಸಿ ಲಕ್ಷಾಂತರ ಮನೆ ಸೇರಿತು. ಮನೋವೈದ್ಯ ರಾಸ್ ಕ್ಯಾಂಬೆಲ್ 1977ರಲ್ಲಿ, ಶಿಸ್ತಿಗೆ ಮುಂಚೆ ಮಗುವಿಗೆ ನೋಟ, ಸ್ಪರ್ಶ, ಗಮನ ಸಿಗಬೇಕೆಂದು ಬರೆದರು. ಮಕ್ಕಳ ವೈದ್ಯ ವಿಲಿಯಂ ಸಿಯರ್ಸ್, ಪತ್ನಿ ಮಾರ್ಥಾ ಜೊತೆಗೂಡಿ ಕೂಸನ್ನು ಮೈಗೆ ಕಟ್ಟಿಕೊಳ್ಳುವ, ಅತ್ತ ಕೂಡಲೇ ಓಗೊಡುವ ರೀತಿಯನ್ನು ಕ್ರೈಸ್ತ ತಾಯ್ತಂದೆಯರಿಗೆ ಪರಿಚಯಿಸಿದರು. ನಮ್ಮ ಹಳ್ಳಿಗಳ ತಾಯಂದಿರಿಗೆ ಇದರಲ್ಲಿ ಹೊಸತೇನೂ ಇಲ್ಲ. ಅಮೆರಿಕದ ಮಧ್ಯಮವರ್ಗಕ್ಕೆ ಅದನ್ನು ಮರಳಿ ಕಲಿಸಬೇಕಾಯಿತು. ‘ಕೃಪೆ ಆಧಾರಿತ ಶಿಸ್ತು’ ಎಂಬ ಮಾತು ಬಳಕೆಗೆ ಬಂದದ್ದು 2000ದ ಆಸುಪಾಸು. 2011ರಲ್ಲಿ ಸತ್ಯವೇದದ ವಿದ್ವಾಂಸ ವಿಲಿಯಂ ವೆಬ್ ದಂಡನೆಯ ವಚನಗಳನ್ನೆಲ್ಲ ಮರುಪರಿಶೀಲಿಸಿ ಗ್ರಂಥ ಬರೆದರು.

ಈ ಪದ್ಧತಿಯಲ್ಲಿ ಮಿತಿಗಳಿಲ್ಲವೆಂಬುದು ತಪ್ಪು ತಿಳಿವಳಿಕೆ. ರಚ್ಚೆ ಹಿಡಿದ 2 ವರ್ಷದ ಮಗುವನ್ನು ಕೋಣೆಯಲ್ಲಿ ಒಂಟಿಯಾಗಿ ಕೂರಿಸುವ ಬದಲು ಹತ್ತಿರ ಕೂತು, ಎತ್ತಿಕೊಳ್ಳಬೇಕೆಂದರೆ ಎತ್ತಿಕೊಂಡು, ಸಿಟ್ಟು ಬಂತಲ್ಲವೇ ಎಂದು ಅದರ ಭಾವಕ್ಕೆ ಹೆಸರು ಕೊಡುತ್ತಾರೆ. ಕೊಡಬಾರದೆಂದದ್ದನ್ನು ಕೊಡುವುದಿಲ್ಲ, ಹೊಡೆಯಲು ಬಂದ ಪುಟ್ಟ ಕೈಯನ್ನು ಮೃದುವಾಗಿ ಹಿಡಿದು ತಡೆಯುತ್ತಾರೆ. ಬುದ್ಧಿಮಾತು ಬರುವುದು ಉಸಿರು ತಹಬಂದಿಗೆ ಬಂದ ಮೇಲೆ. ಸಂಸ್ಕೃತದಲ್ಲಿ ಕಲಿಕೆ ಎಂಬರ್ಥವಿದ್ದ ‘ಶಿಕ್ಷಾ’ ಕನ್ನಡದಲ್ಲಿ ದಂಡನೆಯ ‘ಶಿಕ್ಷೆ’ಯಾಗಿದೆ, ಇವರು ಆ ಪದವನ್ನು ಮತ್ತೆ ಕಲಿಕೆಯ ಕಡೆಗೆ ತಿರುಗಿಸಲು ಹೊರಟವರು ಎನ್ನಬಹುದು.

ಚರ್ಚಿನ ಹೊರಗೂ ಇದೇ ದನಿ ಕೇಳಿತು. 1978ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಶಾಂತಿ ಪ್ರಶಸ್ತಿ ಸ್ವೀಕರಿಸುತ್ತ ಸ್ವೀಡನ್ನಿನ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಒಬ್ಬ ತಾಯಿಯ ಅನುಭವ ಹೇಳಿದರು. ಹೊಡೆಯಲು ಕೋಲು ತರುವಂತೆ ಕಳಿಸಿದ ಪುಟ್ಟ ಮಗ ಅಳುತ್ತ ಬಂದು, ಕೋಲು ಸಿಗಲಿಲ್ಲ, ನನ್ನ ಮೇಲೆ ಎಸೆಯಲು ಈ ಕಲ್ಲು ತಂದಿದ್ದೇನೆ ಎಂದನಂತೆ. ತಾಯಿ ಅವನನ್ನು ಅಪ್ಪಿಕೊಂಡು ಅತ್ತಳು, ಆ ಕಲ್ಲನ್ನು ನೆನಪಿಗಾಗಿ ಅಡುಗೆಮನೆಯ ಹಲಗೆಯ ಮೇಲಿಟ್ಟಳು. ಮರುವರ್ಷ, 1979ರಲ್ಲಿ, ಮನೆಯೊಳಗಿನ ಏಟನ್ನೂ ನಿಷೇಧಿಸಿದ ಮೊದಲ ದೇಶ ಸ್ವೀಡನ್ ಆಯಿತು.

ಚರ್ಚುಗಳು ನಿಧಾನವಾಗಿ ಹಿಂಬಾಲಿಸಿವೆ. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಚರ್ಚ್, ಅಂದರೆ ಸುಸಾನಾಳ ಮಗ ಕಟ್ಟಿದ ಪಂಥದ್ದೇ ವಾರಸುದಾರ ಸಂಸ್ಥೆ, 2004ರಲ್ಲಿ ದೈಹಿಕ ದಂಡನೆಯ ವಿರುದ್ಧ ನಿರ್ಣಯ ಕೈಗೊಂಡಿತು. ಪ್ರೆಸ್ಬಿಟೇರಿಯನ್ ಚರ್ಚ್ 2012ರಲ್ಲಿ. ಆ ದೇಶದ ಎಲ್ಲ 50 ರಾಜ್ಯಗಳಲ್ಲೂ ಹೆತ್ತವರು ಮಗುವನ್ನು ಹೊಡೆಯುವುದು ಇಂದಿಗೂ ಕಾನೂನುಬದ್ಧ. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಶಾಲೆಯ ಬೆತ್ತವನ್ನು ನಿಷೇಧಿಸಿದೆ. ಮನೆಯ ಹೊಸ್ತಿಲನ್ನು ಅದು ದಾಟಿಲ್ಲ.